ಸತ್ತವರ ಹೆಸರಿನ ಪಹಣಿ, ಬದುಕಿರುವವರ ಪಾಲು

(ಮಧುಗಿರಿ ಉಪವಿಭಾಗದ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಸಭೆ ಕರೆದ ಗೆಳೆಯರು ನನಗೆ ಒಪ್ಪಿಸಿರುವ ವಿಷಯ ‘ಮನೆತನದ ಆಸ್ತಿ ಮತ್ತು ವಾರಸುದಾರರು’ ಎಂಬುದು. ಆಸ್ತಿಪಾಸ್ತಿಯ ವಿಲೇವಾರಿ ಬೆಂಗಳೂರಿನ ಬಂಗಲೆಗಳಲ್ಲಿ ವಕೀಲರನ್ನೂ ಲೆಕ್ಕಿಗರನ್ನೂ ಎದುರಿಗೆ ಕೂರಿಸಿಕೊಂಡು ಆಡುವ ಮಾತು, ಎರಡೆಕರೆ ಖುಷ್ಕಿಯ ನಮಗೇಕೆ ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಿರಬಹುದು. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಹತ್ತು ಸೈಟುಗಳಿರುವವನಿಗೆ ಒಂದು ಸೈಟು ವ್ಯಾಜ್ಯಕ್ಕೆ ಬಿದ್ದರೆ ಒಂಬತ್ತು ಉಳಿಯುತ್ತವೆ. ಎರಡೆಕರೆಯವನ ಎರಡೆಕರೆ ವ್ಯಾಜ್ಯಕ್ಕೆ ಬಿದ್ದರೆ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಪೀಣ್ಯದ ಕಾರ್ಖಾನೆಗಳ ಬಾಗಿಲಲ್ಲಿ ನಿಂತ ಪಾವಗಡದ, ಶಿರಾದ ಹುಡುಗರನ್ನು ಕೇಳಿ ನೋಡಿ: ಎಲ್ಲರನ್ನೂ ಬರಗಾಲವೇ ಓಡಿಸಿದ್ದಲ್ಲ, ಕೆಲವರನ್ನು ದೊಡ್ಡಪ್ಪನ ಮಕ್ಕಳು ಹಾಕಿದ ದಾವೆ ಓಡಿಸಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಗೂ ಉಪವಿಭಾಗಾಧಿಕಾರಿಗಳು ಒಬ್ಬರೇ; ಅವರ ಕಚೇರಿ ಮಧುಗಿರಿಯಲ್ಲಿದೆ. ತಹಶೀಲ್ದಾರರು ಮಾಡಿದ ಖಾತೆಯ ಮೇಲೆ ಅಪೀಲು ಹೋಗಬೇಕಾದರೆ ನಾಗಲಮಡಿಕೆಯವನೂ ಹೊಳವನಹಳ್ಳಿಯವನೂ ಇಲ್ಲಿಗೇ ಬರಬೇಕು. ಆ ಕಚೇರಿಯ ಜಗಲಿಯಲ್ಲಿ ಒಂದು ದಿನ ಕೂತರೆ ಸಾಕು, ನಮ್ಮ ಸೀಮೆಯ ಮನೆತನಗಳ ಕಥೆಯೆಲ್ಲ ಕಿವಿಗೆ ಬೀಳುತ್ತದೆ. ಅಣ್ಣ ಒಂದು ಕಂಬಕ್ಕೆ ಒರಗಿರುತ್ತಾನೆ, ತಮ್ಮ ಇನ್ನೊಂದಕ್ಕೆ. ಮಾತಿಲ್ಲ, ಕತೆಯಿಲ್ಲ. ಊರಿನಿಂದ ಬಂದದ್ದು ಒಂದೇ ಬಸ್ಸಿನಲ್ಲಿ.

ಮೊದಲು ಪಹಣಿಯ ಮಾತು. ನಿಮ್ಮ ನಿಮ್ಮ ಪಹಣಿಯ ಕಾಲಂನಲ್ಲಿ ಯಾರ ಹೆಸರಿದೆ ಎಂದು ನೀವೇ ಒಮ್ಮೆ ನೆನೆಸಿಕೊಳ್ಳಿ. ತಂದೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇರುವ ಮನೆಗಳು ಈ ಸಭೆಯಲ್ಲಿಯೇ ಬೇಕಾದಷ್ಟಿವೆ. ಅಜ್ಜನ ಹೆಸರಿನಲ್ಲಿರುವವೂ ಇವೆ. ಶಾನುಭೋಗರು ಬರೆಯುತ್ತಿದ್ದ ಪುಸ್ತಕ ಹೋಗಿ ಭೂಮಿ ಯೋಜನೆಯ ಕಂಪ್ಯೂಟರು ಬಂತು; ಆದರೆ ಸತ್ತವರು ಪುಸ್ತಕದಿಂದ ಎದ್ದು ಕಂಪ್ಯೂಟರಿನಲ್ಲಿ ಹೋಗಿ ಕೂತರು. 2025ರಲ್ಲಿ ಸರ್ಕಾರವೇ ಪೌತಿ ಖಾತೆಯ ಆಂದೋಲನ ನಡೆಸಬೇಕಾಯಿತು ಎಂದರೆ ರೋಗ ಎಷ್ಟು ಹಬ್ಬಿದೆ ಎಂದು ಲೆಕ್ಕ ಹಾಕಿಕೊಳ್ಳಬಹುದು.

ಇದರಿಂದ ನಷ್ಟವೇನು? ಸತ್ತವನಿಗೆ ಸೊಸೈಟಿ ಸಾಲ ಕೊಡುವುದಿಲ್ಲ. ಮಳೆ ಹೋಗಿ ಕಡಲೆಕಾಯಿ ಒಣಗಿದ ವರ್ಷ ಬೆಳೆ ಪರಿಹಾರದ ಹಣ ಸತ್ತವನ ಬ್ಯಾಂಕ್ ಖಾತೆಗೆ ಬೀಳುವುದಿಲ್ಲ. ಕೇಂದ್ರ ಸರ್ಕಾರ ವರ್ಷಕ್ಕೆ ಕೊಡುವ 6,000 ರೂಪಾಯಿಯ ಕಿಸಾನ್ ಹಣಕ್ಕೂ ಜಮೀನು ನಿಮ್ಮ ಹೆಸರಿನಲ್ಲಿರಬೇಕು. 2019ರ ಫೆಬ್ರವರಿ 1ರ ತರುವಾಯ ಜಮೀನು ಕೊಂಡವನಿಗೆ ಆ ಹಣವಿಲ್ಲ. ಆದರೆ ಹಿರಿಯರು ತೀರಿಹೋಗಿ ವಾರಸಿನಿಂದ ಬಂದಿದ್ದರೆ ಉಂಟು. ಈ ಸಣ್ಣ ವಿನಾಯಿತಿ ಎಷ್ಟೋ ಮಂದಿಗೆ ತಿಳಿದೇ ಇಲ್ಲ.

ಪೌತಿ ಖಾತೆಗೆ ಬೇಕಾದ್ದು ಹೆಚ್ಚೇನಲ್ಲ. ಮರಣದ ದಾಖಲೆ, ವಂಶವೃಕ್ಷ, ಒಂದು ಅರ್ಜಿ. 1964ರ ಭೂಕಂದಾಯ ಕಾನೂನಿನಲ್ಲಿ ವಾರಸುದಾರರು ವರದಿ ಕೊಡಬೇಕು ಎಂದಿದೆ. ಆಮೇಲೆ ನೋಟೀಸು ಹಚ್ಚಿ ಮೂವತ್ತು ದಿನ ತಕರಾರಿಗೆ ಅವಕಾಶ ಕೊಟ್ಟು ಖಾತೆ ಬದಲಾಯಿಸುತ್ತಾರೆ. ಹಾಗಿದ್ದೂ ಜನ ಏಕೆ ಹೋಗುವುದಿಲ್ಲ? ಓಡಾಟ, ಕೈಬಿಸಿಯ ಖರ್ಚು, ಅಲೆದಾಟ ಎಲ್ಲವೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಹಳ ಕಡೆ ನಿಜವಾದ ಕಾರಣ ವಂಶವೃಕ್ಷ. ಅದರಲ್ಲಿ ಅಕ್ಕತಂಗಿಯರ ಹೆಸರು ಬರೆಯಬೇಕಾಗುತ್ತದೆ. ಬರೆಯಲು ಮನಸ್ಸಿಲ್ಲ, ಬಿಡಲು ಧೈರ್ಯವಿಲ್ಲ. ಹೀಗಾಗಿ ಖಾತೆ ಅಪ್ಪನ ಹೆಸರಿನಲ್ಲೇ ಮಲಗಿರುತ್ತದೆ.

ಪಾವಗಡದ ಕಡೆಯವರಿಗೆ ಇದರ ಬಿಸಿ ಚೆನ್ನಾಗಿಯೇ ತಟ್ಟಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರವಿದ್ಯುತ್ತಿನ ಪಾರ್ಕು ಎದ್ದಿತು. 2018ರ ಮಾರ್ಚಿಯಲ್ಲಿ ಮೊದಲ ಹಂತ ಆರಂಭವಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಜಮೀನನ್ನು ಕ್ರಯಕ್ಕೆ ತೆಗೆದುಕೊಳ್ಳದೆ ದೀರ್ಘಕಾಲದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಭೂಮಿ ರೈತನ ಹೆಸರಿನಲ್ಲೇ ಉಳಿಯಿತು, ಅದು ಒಳ್ಳೆಯದೇ. ಆದರೆ ಗುತ್ತಿಗೆ ಪತ್ರಕ್ಕೆ ಸಹಿ ಹಾಕಬೇಕಾದವನು ಯಾರು? ದಾಖಲೆಯಲ್ಲಿ ಹೆಸರಿದ್ದವನು. ಮುತ್ತಾತನ ಹೆಸರಿನ ಸರ್ವೆ ನಂಬರಿಗೆ ಸಹಿ ಹಾಕಲು ಮುತ್ತಾತ ಎದ್ದು ಬರುವುದಿಲ್ಲವಲ್ಲ! ಅಲ್ಲಿಯವರೆಗೆ ಕಳೆ ಕೀಳಲೂ ಬಾರದಿದ್ದ ಹೊಲಕ್ಕೆ, ವರ್ಷವರ್ಷವೂ ನಗದು ಬರುತ್ತದೆ ಎಂದಾಗ ವಾರಸುದಾರರು ನಾಲ್ಕೂ ದಿಕ್ಕಿನಿಂದ ಬರುವುದು ಸಹಜ. ಅವರು ಬಂದದ್ದನ್ನು ನಾನು ತಪ್ಪೆನ್ನುವುದಿಲ್ಲ, ಹಕ್ಕಿದ್ದವರು ಬರಬೇಕಾದ್ದೇ. ಹೆಸರಿದ್ದ ಒಬ್ಬನೇ ಅಷ್ಟೂ ವರ್ಷದ ಬಾಡಿಗೆ ಉಂಡು ಉಳಿದವರು ಬಾಯಿ ನೋಡುತ್ತಾ ನಿಲ್ಲುವುದು ಯಾವ ನ್ಯಾಯ? ಇನ್ನು ಆ ಹೊಲಗಳಲ್ಲೇ ಕೂಲಿ ಮಾಡಿ ಬದುಕುತ್ತಿದ್ದು, ಪಹಣಿಯ ಯಾವ ಕಾಲಂನಲ್ಲೂ ಇಲ್ಲದವರಿಗೆ ಬಾಡಿಗೆಯಲ್ಲಿ ಒಂದು ಕಾಸೂ ಇಲ್ಲ. ಅವರು ಯಾರ ವಾರಸುದಾರರು ಎಂಬ ಪ್ರಶ್ನೆಯನ್ನು ಯಾವ ಕಾನೂನೂ ಇನ್ನೂ ಕೇಳಿಲ್ಲ.

ತುಮಕೂರು–ರಾಯದುರ್ಗ ರೈಲು ಮಾರ್ಗಕ್ಕೆ ಕೊರಟಗೆರೆ, ಮಧುಗಿರಿ, ಪಾವಗಡದಲ್ಲಿ ಭೂಮಿ ಹೋಗುವಾಗಲೂ ಇದೇ ಪಾಡು. ಪಾಲಿನ ಬಗ್ಗೆ ತಕರಾರಿದ್ದರೆ ಪರಿಹಾರದ ಹಣ ಮನೆಗೆ ಬರುವುದಿಲ್ಲ, ಠೇವಣಿಯಾಗಿ ಹೋಗಿ ಕೂರುತ್ತದೆ. ಭೂಮಿಯೂ ಇಲ್ಲ, ಹಣವೂ ಇಲ್ಲ.

ಈಗ ಹೆಣ್ಣುಮಕ್ಕಳ ಪಾಲಿನ ವಿಷಯಕ್ಕೆ ಬರುತ್ತೇನೆ. ಈ ಮಾತು ಎತ್ತಿದ ಕೂಡಲೇ ಹಿಂದಿನ ಸಾಲಿನ ಯಜಮಾನರು ಎಲೆ ಅಡಿಕೆ ಉಗುಳಲು ಎದ್ದು ಹೋಗುತ್ತಾರೆ ಎಂಬುದು ನನಗೆ ಗೊತ್ತು. ದಯವಿಟ್ಟು ಕುಳಿತುಕೊಳ್ಳಿ, ಇದು ನಿಮಗೇ ಹೇಳುವ ಮಾತು.

ಹೆಣ್ಣಿಗೆ ಆಸ್ತಿ ಎಂಬುದು ನಿನ್ನೆ ಮೊನ್ನೆ ದಿಲ್ಲಿಯಿಂದ ಇಳಿದು ಬಂದದ್ದಲ್ಲ. ಮಿರ್ಜಾ ಸಾಹೇಬರು ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲೇ, ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನು ಆಯಿತು. ತಂದೆಮಕ್ಕಳು ಪಾಲಾಗುವಾಗ ಮದುವೆಯಾಗದ ಮಗಳಿಗೆ ಸೋದರನ ಪಾಲಿನ ನಾಲ್ಕರಲ್ಲೊಂದು, ತಾಯಿಗೆ ಮಗನ ಪಾಲಿನ ಅರ್ಧ ಎಂದು ಅದು ಬರೆಯಿತು. ಕಾಲಿಗೆ ಅಷ್ಟಿಷ್ಟು ನೆಲ ಕೊಟ್ಟಿತು. ನಮ್ಮ ನಾಲ್ಕು ತಾಲ್ಲೂಕುಗಳೂ ಸಂಸ್ಥಾನದೊಳಗೇ ಇದ್ದವು, ಆ ಕಾನೂನು ನಮ್ಮ ಅಜ್ಜಿಯರಿಗೂ ಅನ್ವಯಿಸುತ್ತಿತ್ತು. ಅವರಲ್ಲಿ ಎಷ್ಟು ಮಂದಿ ಅದನ್ನು ಕೇಳಿದ್ದರು ಎಂಬುದು ಬೇರೆ ಮಾತು.

ಸ್ವಾತಂತ್ರ್ಯ ಬಂದ ಮೇಲೆ ಹಿಂದೂ ಸಂಹಿತೆಯ ಮಸೂದೆಯನ್ನು ಅಂಬೇಡ್ಕರರು ತಂದರು. ಅದನ್ನು ಪಾರ್ಲಿಮೆಂಟಿನಲ್ಲಿ ಎಳೆದಾಡಿ ನಿಲ್ಲಿಸಿದಾಗ 1951ರಲ್ಲಿ ಅವರು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಆಮೇಲೆ ತುಂಡು ತುಂಡಾಗಿ ಆ ಕಾನೂನುಗಳು ಬಂದವು. ಅವುಗಳಲ್ಲಿ ಒಂದು 1956ರ ಹಿಂದೂ ಉತ್ತರಾಧಿಕಾರದ ಕಾನೂನು. ಅದರಲ್ಲಿ ಮಗಳಿಗೆ ಪಾಲು ಉಂಟು, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರ. ಇದರ ಅರ್ಥವನ್ನು ಲೆಕ್ಕದಲ್ಲಿ ತೋರಿಸುತ್ತೇನೆ. ಒಂದು ಮನೆಗೆ ಹದಿನಾರು ಎಕರೆ ಪಿತ್ರಾರ್ಜಿತ. ತಂದೆ, ಮೂವರು ಗಂಡುಮಕ್ಕಳು, ಒಬ್ಬ ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ಹಳೆಯ ಕಾನೂನಿನಲ್ಲಿ ತಂದೆ ಸತ್ತರೆ ಮೊದಲು ತಂದೆಗೂ ಮೂವರು ಮಕ್ಕಳಿಗೂ ನಾಲ್ಕು ನಾಲ್ಕು ಎಕರೆ. ತಂದೆಯ ನಾಲ್ಕೆಕರೆಯನ್ನು ಮಾತ್ರ ಮಗಳೂ ಸೇರಿ ನಾಲ್ವರು ಹಂಚಿಕೊಳ್ಳಬೇಕು. ಗಂಡುಮಕ್ಕಳಿಗೆ ಐದೈದು ಎಕರೆ, ಮಗಳಿಗೆ ಒಂದೆಕರೆ. ಈಗಿನ ಕಾನೂನಿನಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು; ಆದ್ದರಿಂದ ನಾಲ್ವರಿಗೂ ನಾಲ್ಕು ನಾಲ್ಕು ಎಕರೆ. ಗಂಡುಮಕ್ಕಳಿಗೆ ತಲಾ ಒಂದೆಕರೆ ಕಡಿಮೆಯಾಯಿತು, ಮಗಳಿಗೆ ಮೂರೆಕರೆ ಹೆಚ್ಚಾಯಿತು. ಜಗಳವೆಲ್ಲ ಈ ಒಂದೊಂದು ಎಕರೆಯದು.

ಇದು ಹೇಗೆ ಬಂತು ಎಂಬುದರಲ್ಲಿ ಪಾವಗಡದವರಿಗೆ ಒಂದು ಸ್ವಾರಸ್ಯವಿದೆ. ಪಾವಗಡದ ಸುತ್ತಲೂ ಬಹುತೇಕ ಆಂಧ್ರದ ನೆಲ. ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದ ಕಡೆಗೆ ಹೆಣ್ಣು ಕೊಡುವುದೂ ತರುವುದೂ ಉಂಟು. ಆಂಧ್ರದಲ್ಲಿ 1985ರ ಸೆಪ್ಟೆಂಬರಿನಿಂದಲೇ ಮಗಳಿಗೆ ಮಗನಷ್ಟೇ ಹುಟ್ಟಿನ ಹಕ್ಕು ಜಾರಿಗೆ ಬಂತು. ಕರ್ನಾಟಕದಲ್ಲಿ ಬಂದದ್ದು 1994ರ ಜುಲೈ 30ಕ್ಕೆ. ಗಡಿಯ ಆಚೆಗೆ ಹುಟ್ಟಿದ ಹುಡುಗಿಗೆ ಹಕ್ಕು, ಈಚೆಗೆ ಹುಟ್ಟಿದವಳಿಗೆ ಇನ್ನೂ ಒಂಬತ್ತು ವರ್ಷ ಕಾಯುವ ಕರ್ಮ! ಅದೂ ನಮ್ಮ ಕಾನೂನು ಆ ದಿನಕ್ಕೆ ಮುಂಚೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಒಂದೇ ನಿಯಮವಾಯಿತು. ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು.

ಆ ದಿನಕ್ಕೆ ಮುಂಚೆ ತಂದೆ ಸತ್ತಿದ್ದರೆ ಏನು ಎಂಬ ಪ್ರಶ್ನೆ ಹದಿನೈದು ವರ್ಷ ಕೋರ್ಟುಗಳಲ್ಲಿ ಹೊರಳಾಡಿತು. 2015ರಲ್ಲಿ ಸುಪ್ರೀಂ ಕೋರ್ಟು ತಂದೆ ಬದುಕಿರಬೇಕು ಎಂದಿತು, 2018ರಲ್ಲಿ ಬೇರೆ ಧಾಟಿಯ ತೀರ್ಪು ಬಂತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಾಧೀಶರು ಇತ್ಯರ್ಥ ಮಾಡಿದರು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗವಾಗಲಿ, ಕೋರ್ಟಿನ ಡಿಕ್ರಿಯಿಂದ ಆದ ವಿಭಾಗವಾಗಲಿ, ಆ ದಿನಕ್ಕೆ ಮುಂಚಿನ ಕ್ರಯವಾಗಲಿ ಕದಲುವುದಿಲ್ಲ. ಆದರೆ ‘ಬಾಯಿಮಾತಿನಲ್ಲಿ ಆಗಲೇ ಪಾಲಾಗಿದ್ದೆವು’ ಎಂಬ ಮಾತನ್ನು ಕೋರ್ಟು ಸುಲಭವಾಗಿ ನಂಬುವುದಿಲ್ಲ. ಖಾತೆ, ಕಂದಾಯ ಮುಂತಾದ ಸರ್ಕಾರಿ ದಾಖಲೆಗಳು ಅದಕ್ಕೆ ಒತ್ತಾಸೆಯಾಗಿ ನಿಂತರೆ ಮಾತ್ರ ಅಪರೂಪಕ್ಕೆ ಒಪ್ಪುತ್ತದೆ. ನಮ್ಮ ಹಳ್ಳಿಗಳಲ್ಲಿ ಪಂಚರನ್ನು ಕೂರಿಸಿ ಬರೆಸಿದ ಪಾಲುಪಾರಿಖತ್ತುಗಳ ಮೇಲೆಯೇ ಊರೆಲ್ಲ ನಿಂತಿರುವಾಗ ಈ ಒಂದು ಸಾಲು ಎಷ್ಟು ಮನೆಗಳನ್ನು ಅಲುಗಿಸಬಲ್ಲದು, ಯೋಚಿಸಿ.

‘ಮದುವೆಗೆ ಖರ್ಚು ಮಾಡಿದ್ದೇವೆ, ಒಡವೆ ಹಾಕಿದ್ದೇವೆ, ಇನ್ನೇನು ಪಾಲು?’ ಎಂದು ಅಣ್ಣಂದಿರು ಕೇಳುತ್ತಾರೆ. ಮದುವೆಯ ಖರ್ಚು ಛತ್ರಕ್ಕೆ, ಊಟಕ್ಕೆ, ಗಂಡಿನ ಕಡೆಯವರಿಗೆ ಹೋಯಿತು. ಅವಳ ಕೈಗೆ ಬಂದದ್ದೆಷ್ಟು? ಗಂಡುಮಕ್ಕಳ ಮದುವೆಯನ್ನೂ ಮನೆಯ ದುಡ್ಡಿನಲ್ಲೇ ಮಾಡಿದ್ದಲ್ಲವೆ, ಅದನ್ನು ಯಾರಾದರೂ ಪಾಲಿನಲ್ಲಿ ಕಳೆದರೆ? ‘ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ’ ಎಂಬ ಹೆದರಿಕೆಯಿಂದಲೇ ನಮ್ಮ ಹೆಣ್ಣುಮಕ್ಕಳು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಒಂದು ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ಮನಸಾರೆ ಬಿಟ್ಟುಕೊಟ್ಟರೆ ಬೇಡ ಎನ್ನಲು ನಾನು ಯಾರು? ಆದರೆ ಗೌರಿ ಹಬ್ಬದ ಬಾಗಿನದ ಬೆಲೆ ಮೂರೆಕರೆ ಎಂದು ಆದರೆ ಅದನ್ನು ಬಾಗಿನ ಎನ್ನಲಾಗದು. ಗಂಡ ಬಿಟ್ಟವಳು, ವಿಧವೆಯಾಗಿ ಮಕ್ಕಳೊಡನೆ ತವರಿಗೆ ಹಿಂದಿರುಗಿದವಳು ನಮ್ಮ ಪ್ರತಿ ಊರಿನಲ್ಲೂ ಇದ್ದಾಳೆ. ಅವಳ ಪಾಲಿಗೆ ಎರಡೆಕರೆಯ ಹಕ್ಕಿಗೂ ಅಣ್ಣನ ದಯೆಗೂ ಇರುವ ಅಂತರವನ್ನು ಅತ್ತಿಗೆಯ ಅಡುಗೆಮನೆಯಲ್ಲಿ ನಿಂತು ನೋಡಬೇಕು.

ಒಂದು ಭಯ ಮಾತ್ರ ನ್ಯಾಯವಾದದ್ದು. ‘ತಂಗಿಗೆ ಬರೆದುಕೊಟ್ಟರೆ ಭಾವ ಅದನ್ನು ಹೊರಗಿನವನಿಗೆ ಮಾರಿ, ನಮ್ಮ ಹೊಲದ ನಡುವೆ ಬೇರೆಯವನು ಬೇಲಿ ಹಾಕಿ ಕೂರುತ್ತಾನೆ’ ಎಂಬುದು. 1956ರ ಕಾನೂನಿನ 22ನೆಯ ಕಲಮು ಇದಕ್ಕೆ ಔಷಧಿ. ಒಟ್ಟಾಗಿ ವಾರಸಿಗೆ ಬಂದವರಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಲು ಹೊರಟರೆ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೆ. ಇದು ಸಾಗುವಳಿ ಜಮೀನಿಗೂ ಅನ್ವಯ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ತಂಗಿಯ ಪಾಲನ್ನು ನ್ಯಾಯವಾದ ಬೆಲೆಗೆ, ಕಂತು ಮಾಡಿಕೊಂಡಾದರೂ, ಅಣ್ಣನೇ ಕೊಳ್ಳಲಿ. ಬಿಟ್ಟಿಗೆ ಹೆಬ್ಬೆಟ್ಟು ಒತ್ತಿಸುವುದಕ್ಕಿಂತ ಅದು ಮರ್ಯಾದೆಯ ದಾರಿ.

ತುಂಡಾಗುವ ಭೂಮಿಯ ಚಿಂತೆಯೂ ಇದೆ. 1970-71ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರು, ಎಂದರೆ ಎಂಟೆಕರೆಗೆ ಹತ್ತಿರ. 2015-16ಕ್ಕೆ ಅದು 1.36 ಹೆಕ್ಟೇರಿಗೆ ಇಳಿಯಿತು, ಮೂರೂವರೆ ಎಕರೆಯೂ ಇಲ್ಲ. ಈ ಇಳಿತವೆಲ್ಲ ಹೆಣ್ಣುಮಕ್ಕಳಿಂದ ಆಯಿತೆಂದು ಯಾರೂ ಹೇಳುವಂತಿಲ್ಲ, ಆ ಅವಧಿಯ ಬಹುಭಾಗದಲ್ಲಿ ಅವರಿಗೆ ಯಾರೂ ಕೊಟ್ಟೇ ಇರಲಿಲ್ಲ. ಒಂದೂವರೆ ಎಕರೆ ಖುಷ್ಕಿಯಲ್ಲಿ ನಾಲ್ವರು ಅಣ್ಣತಮ್ಮಂದಿರು ನಾಲ್ಕು ಬೋರು ಕೊರೆಸಿ ನಾಲ್ಕೂ ಒಣಗಿದ ಮೇಲೆ ಸಾಲಗಾರರಾಗಿ ಕೂರುವುದನ್ನು ನಾವು ನೋಡಿದ್ದೇವೆ. ಹಕ್ಕನ್ನು ಪಾಲು ಮಾಡಿಕೊಳ್ಳಿ, ಹೊಲವನ್ನು ಒಟ್ಟಿಗೆ ಉಳಿ. ಒಂದು ಬೋರು, ಒಂದು ಟ್ರಾಕ್ಟರು, ಪಾಲಿನಂತೆ ಫಸಲು. ಕೊರಟಗೆರೆಯ ಕಡೆಯ ಅಡಿಕೆ ತೋಟಕ್ಕಂತೂ ನಡುವೆ ಬದು ಹಾಕುವುದು ಕೊಡಲಿ ಹಾಕಿದಂತೆಯೇ ಸರಿ. ಅಲ್ಲಿ ವರ್ಷದ ಸರದಿಯೇ ಲೇಸು.

ಪಾಲು ಮಾಡಿಕೊಳ್ಳುವುದೇ ಆದರೆ ಹೇಗೆ ಬರೆಸಬೇಕು? ಮೊದಲೇ ಬಾಯಿಮಾತಿನಲ್ಲಿ ಆಗಿಹೋದ ವಿಭಾಗವನ್ನು ನೆನಪಿಗಾಗಿ ಬರೆದಿಟ್ಟ ಕಾಗದಕ್ಕೆ ರಿಜಿಸ್ಟ್ರಿ ಕಡ್ಡಾಯವಲ್ಲ. ಕಾಗದದಿಂದಲೇ ಪಾಲಾಗುವುದಾದರೆ ರಿಜಿಸ್ಟರ್ ಆಗಲೇಬೇಕು. ಈ ಸೂಕ್ಷ್ಮದ ಮೇಲೆ ವಕೀಲರು ವರ್ಷಗಟ್ಟಲೆ ವಾದಿಸಬಲ್ಲರು, ಅದಕ್ಕೆ ಅವಕಾಶ ಕೊಡಬೇಡಿ, ರಿಜಿಸ್ಟರೇ ಮಾಡಿಸಿ. ಕುಟುಂಬದೊಳಗಿನ ವಿಭಾಗಪತ್ರಕ್ಕೆ ಸಾಗುವಳಿ ಜಮೀನಿನ ಮಟ್ಟಿಗೆ ಸ್ಟಾಂಪು ಸುಂಕ ಪಾಲೊಂದಕ್ಕೆ ಇಷ್ಟೆಂದು ಗೊತ್ತುಮಾಡಿದ ಅಲ್ಪ ಮೊತ್ತ. ಕ್ರಯಪತ್ರದಂತೆ ಜಮೀನಿನ ಬೆಲೆಯ ಮೇಲೆ ಹಾಕುವುದಿಲ್ಲ. ‘ಎ ಪಾಲಿಗೆ ಎರಡೆಕರೆ, ಬಿ ಪಾಲಿಗೆ ಎರಡೆಕರೆ’ ಎಂದು ಬರೆಸಿ ಮುಗಿಸಬೇಡಿ. ಬಂಡಿ ದಾರಿ ಯಾವ ಬದುವಿನ ಮೇಲೆ? ಬಾವಿಯ ನೀರಿನ ಸರದಿ ಯಾರಿಗೆ ಯಾವ ದಿನ? ಬೋರಿನ ಕರೆಂಟು ಮೀಟರು ಯಾರ ಹೆಸರಿಗೆ, ಮೋಟಾರು ಸುಟ್ಟರೆ ಖರ್ಚು ಯಾರದು? ಬದುವಿನ ಮೇಲಿನ ಹುಣಸೆ ಮರ ಯಾರದು? ಕಣ, ಹುಲ್ಲಿನ ಮೆದೆಯ ಜಾಗ, ತಿಪ್ಪೆಗುಂಡಿ, ಹಿರಿಯರ ಸಮಾಧಿ, ಇವೆಲ್ಲ ಪತ್ರದಲ್ಲಿ ಬರಬೇಕು. ಸರ್ವೆಯವರಿಂದ ಅಳತೆ ಮಾಡಿಸಿ ಪೋಡಿ ಮಾಡಿಸಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ತಲೆ ಒಡೆದಿರುವುದು ಎಕರೆಗಾಗಿ ಕಡಿಮೆ, ಬಂಡಿ ದಾರಿಗಾಗಿ ಹೆಚ್ಚು.

ತಾಯಿಯನ್ನು ಮರೆಯುವುದು ಇನ್ನೊಂದು ಚಾಳಿ. ಒಬ್ಬ ಹಿಂದೂ ರೈತ ತಾನೇ ಸಂಪಾದಿಸಿದ ಎಂಟೆಕರೆ ಬಿಟ್ಟು, ಏನೂ ಬರೆಯದೆ ಸತ್ತ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಜೊತೆಗೆ ಮುದಿ ತಾಯಿ ಇದ್ದಾರೆ. ಐವರಿಗೂ ಸಮಪಾಲು, ತಲಾ ಒಂದೆಕರೆ ಇಪ್ಪತ್ತನಾಲ್ಕು ಗುಂಟೆ. ಮಗ ಸತ್ತ ದುಃಖದಲ್ಲಿ ಮೂಲೆ ಹಿಡಿದ ಮುದುಕಿಯ ಪಾಲನ್ನು ಯಾರೂ ಎಣಿಸುವುದೇ ಇಲ್ಲ. ಎಣಿಸದೆ ಬಿಟ್ಟ ಪಾಲು ಮುಂದೆ ಅವಳ ಇತರ ಮಕ್ಕಳ ಮೂಲಕ ದಾವೆಯಾಗಿ ಎದ್ದು ಬರುತ್ತದೆ.

ಉಯಿಲು ಬರೆಯುವವರಿಗೆ ನಾಲ್ಕು ಮಾತು. ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು, ಮಕ್ಕಳ ಪಾಲನ್ನಲ್ಲ. ಉಯಿಲಿಗೆ ಸ್ಟಾಂಪು ಬೇಡ, ರಿಜಿಸ್ಟ್ರಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಬಲ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ತಕರಾರು ಬಂದಾಗ ಅವರಲ್ಲಿ ಒಬ್ಬನಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ನಿಮಗಿಂತ ಮುದುಕರನ್ನು ಸಾಕ್ಷಿ ಹಾಕಿಸಬೇಡಿ, ಆಸ್ತಿ ಪಡೆಯುವವನನ್ನೂ ಹಾಕಿಸಬೇಡಿ. ಪ್ರಜ್ಞೆ ತಪ್ಪಿದವನ ಬೆರಳು ಹಿಡಿದು ಒತ್ತಿಸಿದ ಉಯಿಲುಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಶಿರಾದ ನಮ್ಮ ಮುಸಲ್ಮಾನ ಬಂಧುಗಳಿಗೆ ಅವರ ಧರ್ಮಶಾಸ್ತ್ರದ ಪ್ರಕಾರ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಉಯಿಲು ಬರೆಯಲು ವಾರಸುದಾರರ ಒಪ್ಪಿಗೆ ಬೇಕು.

ಬದುಕಿರುವಾಗಲೇ ಮಗನಿಗೆ ದಾನಪತ್ರ ಮಾಡಿಕೊಡುವ ಮುದುಕರನ್ನು ಕಂಡರೆ ನನಗೆ ಭಯವಾಗುತ್ತದೆ. ಉಯಿಲನ್ನು ಬದಲಾಯಿಸಬಹುದು, ದಾನವನ್ನು ಹಿಂದಕ್ಕೆ ಪಡೆಯುವುದು ಕಷ್ಟ. 2007ರ ಹಿರಿಯ ನಾಗರಿಕರ ಕಾನೂನಿನಲ್ಲಿ, ನೋಡಿಕೊಳ್ಳುತ್ತೇನೆಂದು ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡುವ ಅಧಿಕಾರವಿದೆ. ಇಲ್ಲಿಯ ಉಪವಿಭಾಗಾಧಿಕಾರಿಗಳೇ ಆ ನ್ಯಾಯಮಂಡಳಿಯ ಅಧ್ಯಕ್ಷರು. ಆದರೆ ಊಟ, ಬಟ್ಟೆ, ಔಷಧಿ ಕೊಟ್ಟು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿರಬೇಕು. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆಸಿದವರು ಆಮೇಲೆ ಪ್ರೀತಿಯನ್ನೂ ವಿಶ್ವಾಸವನ್ನೂ ರುಜುವಾತು ಮಾಡಲಾಗದೆ ಒದ್ದಾಡುತ್ತಾರೆ.

ಸಾಲದ ವಿಷಯ ಚಿಕ್ಕದು, ಆದರೆ ಮುಖ್ಯ. ತಂದೆ ಸತ್ತ ಹನ್ನೊಂದನೆಯ ದಿನಕ್ಕೇ ನೋಟು ಹಿಡಿದು ಬರುವ ಸಾಹುಕಾರನಿಗೆ ಹೆದರಿ ಮಗ ಹೊಸ ನೋಟು ಬರೆದುಕೊಡುತ್ತಾನೆ. ಬರೆದುಕೊಡಬೇಡಿ. ತಂದೆಯ ಸಾಲಕ್ಕೆ ಮಗ ಹೊಣೆ ಎಂಬ ಹಳೆಯ ‘ಪಿತೃಋಣ’ದ ನಿಯಮವನ್ನು 2005ರ ನಂತರದ ಸಾಲಗಳಿಗೆ ಕಾನೂನೇ ತೆಗೆದುಹಾಕಿದೆ. ತಂದೆಯಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರ ಹೊಣೆ. ಹೊಸ ನೋಟಿಗೆ ಸಹಿ ಹಾಕಿದರೆ ಅದು ನಿಮ್ಮದೇ ಸಾಲ.

ಎರಡು ಸಂಸಾರಗಳಿದ್ದ ಮನೆಗಳಲ್ಲಿ ಎರಡನೆಯವಳ ಮಕ್ಕಳಿಗೆ ಏನೂ ಇಲ್ಲ ಎಂದು ಹೊಡೆದಟ್ಟುವ ರೂಢಿಯಿದೆ. ಮಕ್ಕಳು ಮಾಡಿದ ತಪ್ಪೇನು? 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಅದೂ ಕರ್ನಾಟಕದ ರೇವಣಸಿದ್ದಪ್ಪ ಪ್ರಕರಣದಲ್ಲಿ, ಅಂಥ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಪಾಲುಂಟು ಎಂದು ಹೇಳಿದೆ. ಆ ತಾಯಿಗೆ ಮಾತ್ರ ವಾರಸು ಹಕ್ಕಿಲ್ಲ. ಅವಳಿಗೆ ಏನಾದರೂ ಆಗಬೇಕೆಂದರೆ ಗಂಡಸು ಬದುಕಿರುವಾಗಲೇ ಬರೆದಿಡಬೇಕು.

ದಲಿತ ಬಂಧುಗಳಿಗೆ ಸರ್ಕಾರದಿಂದ ಮಂಜೂರಾದ ಜಮೀನಿನ ಸಂಗತಿ ಬೇರೆ. 1978ರ ಪಿ.ಟಿ.ಸಿ.ಎಲ್. ಕಾನೂನಿನಂತೆ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ, ಭೋಗ್ಯಕ್ಕೆ ಹಾಕುವಂತಿಲ್ಲ. ಮನೆಯವರೊಳಗೆ ಪಾಲಾಗುವುದಕ್ಕೂ ಉಯಿಲಿಗೂ ಅದು ಅಡ್ಡಿಯಿಲ್ಲ. ಅಜ್ಜ ಕುಡಿತದ ಸಾಲಕ್ಕೋ ಮದುವೆಯ ಸಾಲಕ್ಕೋ ಮೇಲುಜಾತಿಯವನಿಗೆ ಬರೆದುಕೊಟ್ಟ ಎರಡೆಕರೆಗೆ ಮೊಮ್ಮಗ ಅರ್ಜಿ ಹಾಕಿದರೆ ‘ತಡವಾಯಿತು’ ಎಂದು ತಳ್ಳುತ್ತಿದ್ದರು. 2023ರ ತಿದ್ದುಪಡಿ ಆ ಕಾಲಮಿತಿಯ ಅಡ್ಡಿಯನ್ನು ತೆಗೆಯಲು ಬಂದದ್ದು. ಹಳೆಯ ಮಂಜೂರಾತಿ ಕಾಗದವನ್ನು ಟ್ರಂಕಿನ ತಳದಿಂದ ಹೊರಗೆ ತೆಗೆಯಿರಿ.

ಕೋರ್ಟಿಗೆ ಹೋಗಲೇಬೇಕಾಗಿ ಬಂದರೆ ಎರಡು ಸಂಗತಿ ತಿಳಿದಿರಲಿ. ಪಾಲಿನ ದಾವೆಯಲ್ಲಿ ಮೊದಲ ಡಿಕ್ರಿ ನಿಮ್ಮ ಪಾಲು ಎಷ್ಟೆಂದು ಹೇಳುತ್ತದೆ, ಅಷ್ಟೆ. ಜಮೀನು ಕೈಗೆ ಬರುವುದು ಅಂತಿಮ ಡಿಕ್ರಿಯಾಗಿ, ಕಂದಾಯ ಇಲಾಖೆಯವರು ಅಳೆದುಕೊಟ್ಟ ಮೇಲೆ. ಮೊದಲನೆಯದಕ್ಕೇ ಪಟಾಕಿ ಹೊಡೆದು ಆಮೇಲೆ ಹತ್ತು ವರ್ಷ ಅಲೆದವರಿದ್ದಾರೆ. ಎರಡನೆಯದು, ಹೆಂಗಸರಿಗೆ, ಪರಿಶಿಷ್ಟ ಜಾತಿ ವರ್ಗದವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದೇ ಡಿಕ್ರಿ, ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಫೀಜು ಹಿಂದಕ್ಕೆ ಬರುತ್ತದೆ. ಆದರೆ ರಾಜಿಯ ಕಾಗದವನ್ನು ಅಕ್ಕತಂಗಿಯರಿಗೆ ಓದಿ ಹೇಳಿ ಸಹಿ ಹಾಕಿಸಿ, ಬಾಗಿಲ ಹೊರಗೆ ನಿಲ್ಲಿಸಿ ಅಲ್ಲ. ಅಣ್ಣನ ಒಬ್ಬನ ಹೆಸರಿಗೆ ಖಾತೆಯಾಗಿದೆ ಎಂದು ಹೆದರಿ ಸುಮ್ಮನಿರುವ ಹೆಣ್ಣುಮಕ್ಕಳಿಗೂ ಇಲ್ಲೇ ಹೇಳಿಬಿಡುತ್ತೇನೆ: ಖಾತೆ ಕಂದಾಯದ ಲೆಕ್ಕಕ್ಕಾಗಿ ಇರುವುದು, ಅದರಿಂದ ನಿಮ್ಮ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ.

ಈಗ ಪಹಣಿ, ವಂಶವೃಕ್ಷ, ಹಳೆಯ ಪಾಲುಪಟ್ಟಿ ಏನಾದರೂ ತಂದಿರುವವರು ಮುಂದಕ್ಕೆ ಬನ್ನಿ. ಒಂದೊಂದಾಗಿ ನೋಡೋಣ. ಹೆಂಗಸರು ಮೊದಲು ಬರಲಿ, ಪಾವಗಡದ ಕೊನೆಯ ಬಸ್ಸು ಹಿಡಿಯಬೇಕಾದವರು ಅವರ ಹಿಂದೆ.